ಉಪ್ಪಿನಕುದ್ರುವಿನಿಂದ ತಂದ ಡಬ್ಬ

ನಮ್ಮ ಮನೆ ಇರುವುದು ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ. ಒಂದು ಕಡೆ ಡೇರಿ ಸರ್ಕಲ್, ಇನ್ನೊಂದು ಕಡೆ ತಾವರೆಕೆರೆ, ನಡುವೆ ಕ್ರೈಸ್ಟ್ ಕಾಲೇಜಿನ ಮಕ್ಕಳ ಗಲಗಲ. ಬೆಳಿಗ್ಗೆ ಏಳೂವರೆ ಆಯಿತೆಂದರೆ ಕಸದ ಆಟೋ ಬರುತ್ತದೆ. ಅದರ ಮೈಕಿನ ಹಾಡು ಎರಡು ಬೀದಿ ಆಚೆ ಇರುವಾಗಲೇ ನಾನು ಬುಟ್ಟಿ ಹಿಡಿದು ಗೇಟಿನ ಹತ್ತಿರ ನಿಂತಿರುತ್ತೇನೆ. ನನಗೀಗ 74 ವರ್ಷ. 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಹೊತ್ತಿಗೆ ಸರಿಯಾಗಿ ಕೌಂಟರಿನಲ್ಲಿ ನಿಲ್ಲುವ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ.

ಒಂದು ದಿನ ನನ್ನ ಕೈ ಜಾರಿ ಗಾಜಿನ ಲೋಟ ಒಡೆಯಿತು. ಹೆಂಡತಿ ಬೈದಾಳೆಂದು ಚೂರುಗಳನ್ನು ಗುಡಿಸಿ, ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಅಡುಗೆಮನೆಯ ಹಸಿ ಕಸದ ಕೆಳಗೆ ಮುಚ್ಚಿಟ್ಟೆ. ಬೆಳಿಗ್ಗೆ ಬುಟ್ಟಿ ಕೊಟ್ಟೆ, ಮರೆತೂಬಿಟ್ಟೆ.

ಆಮೇಲೆ ಎರಡು ದಿನ ಕಸ ತೆಗೆದುಕೊಳ್ಳುವ ಹೆಂಗಸು ಬರಲಿಲ್ಲ. ಮೂರನೆಯ ದಿನ ಬಂದಾಗ ಅವರ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. "ಏನಾಯಿತಮ್ಮ?" ಅಂದೆ. "ಗಾಜು ಸಾರ್, ಕವರ್ ಬಿಚ್ಚುವಾಗ. ಗಾಜಿದ್ರೆ ಪೇಪರಲ್ಲಿ ಸುತ್ತಿ ಬೇರೆ ಕೊಡಿ ಸಾರ್" ಅಂದರು. ಯಾರ ಮನೆಯ ಗಾಜು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಸಾವಿರಾರು ಜನರ ದುಡ್ಡು ಎಣಿಸಿ ಒಂದು ರೂಪಾಯಿ ಹೆಚ್ಚುಕಡಿಮೆ ಮಾಡದವನು ಎಂದು ಜಂಬಪಡುತ್ತಿದ್ದ ನಾನು ತಲೆ ತಗ್ಗಿಸಿ ಒಳಗೆ ಬಂದೆ.

ಪಕ್ಕದಲ್ಲಿದ್ದ ಮೊಮ್ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆರನೆಯ ಕ್ಲಾಸಿನ ಹುಡುಗಿ. "ತಾತ, ಅವರು ಕವರ್ ಯಾಕೆ ಬಿಚ್ಚಬೇಕು? ನಾವು ಎಸೆದ ಮೇಲೆ ಕಸ ಎಲ್ಲಿಗೆ ಹೋಗುತ್ತೆ?" ಎಂದಳು. "ದೂರ ಹೋಗುತ್ತೆ ಪುಟ್ಟಿ" ಎಂದೆ. ಆ ಉತ್ತರ ನನಗೇ ಸರಿಬರಲಿಲ್ಲ.

ಆ ದಸರಾ ರಜೆಯಲ್ಲಿ ನಾವಿಬ್ಬರೂ ಉಪ್ಪಿನಕುದ್ರುವಿಗೆ ಹೋದೆವು. ಅಲ್ಲಿ ನನ್ನ ಗೆಳೆಯನಿದ್ದಾನೆ. ಹನ್ನೊಂದು ವರ್ಷ ನಾವು ಅಕ್ಕಪಕ್ಕದ ಕೌಂಟರಿನಲ್ಲಿ ಕೂತವರು. ನಿವೃತ್ತಿಯಾದ ಮರು ವಾರವೇ ಅವನು ಊರಿಗೆ ಹೊರಟುಹೋದ. "ಬನ್ನಿ, ಬನ್ನಿ" ಎಂದು ವರ್ಷಕ್ಕೆರಡು ಸಲ ಫೋನು ಮಾಡುತ್ತಲೇ ಇದ್ದ.

ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆವು. ಘಾಟಿ ಇಳಿದು ಕುಂದಾಪುರ ಮುಟ್ಟುವ ಹೊತ್ತಿಗೆ ಬೆಳಗಾಗಿತ್ತು. ಈ ರೈಲಿಗೆ ಆ ಹೆಸರು ಬಂದದ್ದೂ ಆ ನೀರಿನಿಂದಲೇ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕುಂದಾಪುರ–ಗಂಗೊಳ್ಳಿಯ ಹತ್ತಿರ ಕೂಡಿ ಸಮುದ್ರ ಸೇರುತ್ತವೆ. ಅದನ್ನು ಪಂಚಗಂಗಾವಳಿ ಎನ್ನುತ್ತಾರೆ. ಹೀಗೆ ನದಿಗಳು ಸಮುದ್ರ ಸೇರುವ ಮುಂಚೆ ಕವಲೊಡೆದು ನಡುವೆ ಬಿಟ್ಟ ನೆಲಕ್ಕೆ ಕರಾವಳಿಯವರು 'ಕುದ್ರು' ಎನ್ನುತ್ತಾರೆ. ಮಕ್ಕಳೇ, ಪಾಠದಲ್ಲಿ 'ದ್ವೀಪ' ಎಂದು ಓದುತ್ತೀರಲ್ಲ, ಅದೇ ಇದು. ಸಮುದ್ರದ ನಡುವೆಯಲ್ಲ, ಹೊಳೆಯ ನಡುವೆ.

ಈಗ ಉಪ್ಪಿನಕುದ್ರುವಿಗೆ ಸೇತುವೆ ಇದೆ. ಆಟೋ ಗೆಳೆಯನ ಅಂಗಳದಲ್ಲೇ ನಿಂತಿತು. ಎಡಕ್ಕೂ ಬಲಕ್ಕೂ ತೆಂಗಿನ ತೋಟ, ತೋಟದ ಆಚೆ ನೀರು.

"ಹ್ವಾಯ್, ಬನ್ನಿ ಬನ್ನಿ! ಆಸ್ರಿಗೆ ಎಂತ ಕೊಡ್ಲಿ?" ಎನ್ನುತ್ತ ಗೆಳೆಯನ ಹೆಂಡತಿ ಹೊರಗೆ ಬಂದರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಬೆಲ್ಲ, ನೀರು ಕೊಟ್ಟರು. ಮೊಮ್ಮಗಳ ಕೈಯಲ್ಲಿ ರೈಲಿನ ಬುತ್ತಿ ಇತ್ತು, ಅಂದರೆ ಅದರ ಅವಶೇಷ: ಎರಡು ನೀರಿನ ಬಾಟಲಿ, ಮೂರು ಚಿಪ್ಸ್ ಪ್ಯಾಕೆಟ್ಟು, ಕಾಫಿಯ ಲೋಟ, ಇಡ್ಲಿ ಕಟ್ಟಿಸಿದ ಡಬ್ಬಿ.

"ಅಜ್ಜಿ, ಡಸ್ಟ್‌ಬಿನ್ ಎಲ್ಲಿದೆ?"

ಅಕ್ಕ ನಕ್ಕರು. "ಎಂತ ಕಸ ಮಗಾ? ನಮ್ಮಲ್ಲಿ ಎಲ್ಲಾ ಒಂದೊಂದ್ ಕೆಲ್ಸಕ್ಕೆ ಬತ್ತ್." ಆಮೇಲೆ ಅವಳ ಕೈಯಲ್ಲಿದ್ದುದನ್ನು ನೋಡಿ, "ಇದ್ ಮಾತ್ರ ಯಾವ ಕೆಲ್ಸಕ್ಕೂ ಬರೂದಿಲ್ಲ" ಎಂದರು. ಒಂದು ಹಳೆಯ ಗೋಣಿಚೀಲ ತೋರಿಸಿ, ಅದರಲ್ಲಿ ಹಾಕು ಎಂದರು.

ಆ ದಿನ ಮೊಮ್ಮಗಳು ಅಕ್ಕನ ಬೆನ್ನ ಹಿಂದೆಯೇ ತಿರುಗಿದಳು. ಯಾವುದು ಯಾವ ಕೆಲಸಕ್ಕೆ ಬರುತ್ತದೆ ಎಂಬುದನ್ನು ನನ್ನ ಡೈರಿಯ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಅದರಲ್ಲಿ ಕೆಲವನ್ನು ಹೇಳುತ್ತೇನೆ.

ಊಟದ ಬಾಳೆಲೆ ದನಕ್ಕೆ. ಅಕ್ಕಿ ತೊಳೆದ ನೀರೂ ದನಕ್ಕೆ. ತೆಂಗಿನ ಸಿಪ್ಪೆ ಬಚ್ಚಲ ಹಂಡೆಯ ಒಲೆಗೆ. ಚಿಪ್ಪು, ಅವರ ಬಾಯಲ್ಲಿ ಗೆರಟೆ, ಸೌದೆಯ ಜೊತೆಗೆ. ಒಳ್ಳೆಯದಿದ್ದರೆ ಉಪ್ಪಿನ ಮರಿಗೆಗೆ ಹಾಕುವ ಸೌಟಾಗುತ್ತದೆ. ಗರಿಯ ಕಡ್ಡಿ ಹಿಡಿಸೂಡಿಗೆ, ಅಂದರೆ ಪೊರಕೆಗೆ. ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ, ಉಳಿದದ್ದು ತೆಂಗಿನ ಬುಡಕ್ಕೆ. ಹೀರೆಕಾಯಿ ಸಿಪ್ಪೆ ಚಟ್ನಿಗೆ. ಸೌತೆಕಾಯಿಯ ತಿರುಳು ದೋಸೆಗೆ. ಹರಿದ ಪಂಚೆ ಮೊದಲು ಕೈಯೊರಸುವ ಬಟ್ಟೆ, ಆಮೇಲೆ ಮಸಿಬಟ್ಟೆ, ಕೊನೆಗೆ ನೆಲ ಒರೆಸುವ ಬಟ್ಟೆ. ಅಂಗಡಿಗೆ ಹೋಗುವಾಗ ಬಟ್ಟೆ ಚೀಲದ ಒಳಗೆ ಎಣ್ಣೆಗೆ ಒಂದು ಕ್ಯಾನು, ಬೆಲ್ಲಕ್ಕೆ ಒಂದು ಡಬ್ಬ.

"ತಾತ, ನಮ್ಮಲ್ಲಿ ದನ ಇಲ್ಲ, ಹಂಡೆ ಇಲ್ಲ" ಎಂದಳು ಮೊಮ್ಮಗಳು. ಪೆನ್ನು ಮುಚ್ಚಿಟ್ಟಳು.

ನಿಜ. ಆದರೆ ನಮ್ಮಲ್ಲೂ ಹೀಗೇ ಇತ್ತು ಎಂಬುದು ನನಗೆ ಆಗಲೇ ನೆನಪಾದದ್ದು. ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ಬೆಂಗಳೂರು ಡೇರಿಯನ್ನು 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಉದ್ಘಾಟಿಸಿದರು. ನಾನು ಹುಡುಗನಾಗಿದ್ದಾಗ ಡೇರಿ ಹಾಲು ಬರುತ್ತಿದ್ದದ್ದು ಗಾಜಿನ ಬಾಟಲಿಯಲ್ಲಿ. ಬೆಳಿಗ್ಗೆ ಖಾಲಿ ಬಾಟಲಿ ತೊಳೆದು ಕೊಟ್ಟರೆ ತುಂಬಿದ ಬಾಟಲಿ. ಶೆಟ್ಟರ ಅಂಗಡಿಯ ಬೇಳೆ ಹಳೇ ಪೇಪರಿನ ಪೊಟ್ಟಣದಲ್ಲಿ. ಪೊಟ್ಟಣದ ದಾರವನ್ನು ನನ್ನ ತಾಯಿ ಉಂಡೆ ಕಟ್ಟಿ ಇಡುತ್ತಿದ್ದಳು. ಹೂವು ಬಾಳೆಲೆಯಲ್ಲಿ. ಹಳೇ ಸೀರೆ ಕೊಟ್ಟರೆ ಸ್ಟೀಲ್ ಪಾತ್ರೆ. ಇದನ್ನು ಓದುತ್ತಿರುವ ಅಜ್ಜ ಅಜ್ಜಿಯರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಸದ ಡಬ್ಬ ಎಂಬುದೇ ನಮ್ಮ ಬಾಲ್ಯದಲ್ಲಿ ಮನೆಯ ಸಾಮಾನಾಗಿರಲಿಲ್ಲ.

ಸಂಜೆ ಗೆಳೆಯ ನಮ್ಮನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋದ. ಭರತದ ಹೊತ್ತು. ಸಮುದ್ರದ ನೀರು ನದಿಯೊಳಗೆ ಏರುತ್ತಿತ್ತು. ದಂಡೆಯ ಉದ್ದಕ್ಕೂ ಕಾಂಡ್ಲಾ ಗಿಡಗಳು, ನೀರಿನಿಂದ ಮೇಲೆದ್ದ ಬೇರುಗಳು ಕಾಲು ಊರಿ ನಿಂತ ಹಾಗೆ. ದಂಡೆ ಕುಸಿಯದ ಹಾಗೆ ಹಿಡಿದಿಡುವುದೂ ಮೀನಿನ ಮರಿಗಳಿಗೆ ಅಡಗುವ ಜಾಗ ಕೊಡುವುದೂ ಈ ಬೇರುಗಳೇ ಎಂದು ಗೆಳೆಯ ವಿವರಿಸಿದ. ನಾನು ಕಲ್ಲಿನ ಕಟ್ಟೆಯ ಮೇಲೆ ಕೂತು ಜೇಬಿನಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದೆ. ಖಾಲಿ ಕಾಗದವನ್ನು ಪಕ್ಕದಲ್ಲಿಟ್ಟೆ. ಗಾಳಿ ಬಂತು. ಕಾಗದ ಹಾರಿ ನೀರಿಗೆ ಬಿತ್ತು, ತೇಲಿ ಹೋಯಿತು.

"ಹೋಗಲಿ ಬಿಡು" ಎಂದೆ.

ಗೆಳೆಯ ಏನೂ ಅನ್ನಲಿಲ್ಲ. "ನಾಳೆ ಬೆಳಿಗ್ಗೆ ಇಲ್ಲಿಗೇ ಬಪ್ಪ" ಎಂದ.

ಬೆಳಿಗ್ಗೆ ಇಳಿತ. ನೀರು ಹಿಂದೆ ಸರಿದು ಕೆಸರು ಕಾಣುತ್ತಿತ್ತು. ಕಾಂಡ್ಲಾ ಬೇರುಗಳಿಗೆ ಏನೇನು ಸಿಕ್ಕಿಕೊಂಡಿತ್ತು ಅಂದಿರಿ! ಹಾಲಿನ ಕವರು, ಗುಟ್ಕಾ ಚೀಟಿ, ಥರ್ಮೋಕೋಲ್ ಚೂರು, ಒಂಟಿ ಚಪ್ಪಲಿ, ಬಾಟಲಿ, ಬಲೆಯ ತುಂಡು. ಅದರ ನಡುವೆ ಒಂದು ಬಿಸ್ಕತ್ತಿನ ಕಾಗದ. ನನ್ನದೋ, ಇನ್ನೊಬ್ಬರದೋ, ಹೇಗೆ ಹೇಳಲಿ? ಬಣ್ಣವಂತೂ ಅದೇ.

"ಕಾಣ್ ಮಗಾ" ಎಂದ ಗೆಳೆಯ ಮೊಮ್ಮಗಳಿಗೆ. "ಹೊಳಿಗ್ ಹಾಕ್ರೆ ಹೊಳಿ ತಿರ್ಗ್ ತಂದ್ ಕೊಡತ್ತ್. ದಿನಕ್ಕೆ ಎರಡ್ ಸಲ ಭರತ, ಎರಡ್ ಸಲ ಇಳಿತ. ಕುದ್ರುವಿನವ್ರಿಗೆ 'ದೂರ' ಅಂಬ ಜಾಗ ಇಲ್ಲ."

ಮೊಮ್ಮಗಳು ನನ್ನ ಮುಖ ನೋಡಿದಳು. 'ದೂರ ಹೋಗುತ್ತೆ ಪುಟ್ಟಿ' ಎಂದು ಹೇಳಿದವನು ನಾನೇ ತಾನೆ. ಅವಳು ಚಪ್ಪಲಿ ಬಿಚ್ಚಿ ಕೆಸರಿಗಿಳಿದು ಆ ಕಾಗದವನ್ನು ಎತ್ತಿಕೊಂಡಳು. ನಾನು ಕೈ ಚಾಚಿ ತೆಗೆದುಕೊಂಡೆ. ಆಮೇಲೆ ನಾವು ಮೂವರೂ ಕೈಗೆ ಸಿಕ್ಕಿದಷ್ಟನ್ನು ಆರಿಸಿದೆವು. ಅರ್ಧ ಗಂಟೆಯಲ್ಲಿ ಗೋಣಿಚೀಲ ತುಂಬಿತು. ಮುಂದಿನ ಭರತ ಇನ್ನೊಂದು ಚೀಲದಷ್ಟು ತಂದಿರಬಹುದು.

ಅಂದು ಮಧ್ಯಾಹ್ನ ಗೊಂಬೆಮನೆಗೆ ಹೋದೆವು. ಉಪ್ಪಿನಕುದ್ರುವಿನ ಹೆಸರು ಪ್ರಪಂಚಕ್ಕೆ ಗೊತ್ತಾದದ್ದೇ ಯಕ್ಷಗಾನ ಗೊಂಬೆಯಾಟದಿಂದ. ದೇವಣ್ಣ ಕಾಮತ್, ಕೊಗ್ಗ ಕಾಮತ್, ಈಗ ಭಾಸ್ಕರ ಕೊಗ್ಗ ಕಾಮತ್ – ತಲೆಮಾರಿನಿಂದ ತಲೆಮಾರಿಗೆ ಆ ಮನೆತನ ಅದನ್ನು ಉಳಿಸಿಕೊಂಡು ಬಂದಿದೆ. ಸೂತ್ರ ಕಟ್ಟಿದ ಮರದ ಗೊಂಬೆಗಳು, ಹೆಚ್ಚುಕಡಿಮೆ ಮೊಳದುದ್ದ. ಕಿರೀಟ, ಭುಜಕೀರ್ತಿ, ಸೀರೆ ಎಲ್ಲ ಬಡಗುತಿಟ್ಟಿನ ವೇಷದಂತೆಯೇ. ಮರದ ಗೊಂಬೆಯ ಬಣ್ಣ ಮಾಸಿದರೆ ಬಣ್ಣ ಹಚ್ಚಬಹುದು, ಬಟ್ಟೆ ಹರಿದರೆ ಹೊಲಿಯಬಹುದು, ದಾರ ತುಂಡಾದರೆ ಕಟ್ಟಬಹುದು. ಮನೆಯಲ್ಲಿ ಕೈ ಮುರಿದ ಪ್ಲಾಸ್ಟಿಕ್ ಬೊಂಬೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದ್ದ ಮೊಮ್ಮಗಳು ಬಹಳ ಹೊತ್ತು ಅವುಗಳ ಮುಂದೆ ನಿಂತಿದ್ದಳು.

ಹತ್ತಿರದಲ್ಲೇ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ವಂಡ್ಸೆ ಎಂಬ ಊರಿದೆ. ಮನೆಮನೆಯಿಂದ ಕಸ ತಂದು, ಬಿಡಿಸಿ, ಗೊಬ್ಬರವನ್ನೂ ಮಾರುವ ಸಾಮಾನನ್ನೂ ಬೇರೆ ಮಾಡುವ ಕೆಲಸಕ್ಕೆ ಅಲ್ಲಿನ ಗ್ರಾಮ ಪಂಚಾಯಿತಿ ಹೆಸರಾಗಿದೆ. ಅದನ್ನು ಕಸದ ಘಟಕ ಎನ್ನುವುದಿಲ್ಲ, ಸಂಪನ್ಮೂಲ ಘಟಕ ಎನ್ನುತ್ತಾರೆ. ಅಕ್ಕನ ಮಾತಿಗೂ ಪಂಚಾಯಿತಿಯ ಮಾತಿಗೂ ವ್ಯತ್ಯಾಸವಿಲ್ಲ ಅಂದುಕೊಂಡೆ.

ಹೊರಡುವ ದಿನ ಮೊಮ್ಮಗಳು ಗೋಣಿಚೀಲದಿಂದ ನಮ್ಮ ರೈಲಿನ ಕಸವನ್ನೆಲ್ಲ ಹೊರತೆಗೆದು ನಮ್ಮ ಬ್ಯಾಗಿಗೆ ತುಂಬಿದಳು. "ಇದು ನಾವು ತಂದದ್ದು" ಎಂದಳು. ಅಕ್ಕ ಬೇಡವೆಂದರೂ ಕೇಳಲಿಲ್ಲ. ಆಗ ಅಕ್ಕ ಒಳಗೆ ಹೋಗಿ ಒಂದು ಹಳೆಯ ತಗಡಿನ ಡಬ್ಬ ತುಂಬ ಹಲಸಿನ ಹಪ್ಪಳ ತಂದರು. "ಹಪ್ಪಳ ನಿಮ್ಗೆ. ಡಬ್ಬ ನಮ್ಗೆ. ತಿರ್ಗ್ ಬಪ್ಪತ್ತಿಗ್ ತನ್ನಿ" ಎಂದರು.

ರಾತ್ರಿ ರೈಲಿನಲ್ಲಿ ನನಗೆ ನಿದ್ರೆ ಬರಲಿಲ್ಲ. ನಮ್ಮ ಊರಿನ ಕಸ ಹೋದ 'ದೂರ'ದ ಊರುಗಳ ಹೆಸರು ಒಂದೊಂದೇ ನೆನಪಾಯಿತು. ಬೆಂಗಳೂರಿನ ಉತ್ತರಕ್ಕೆ ಮಾವಳ್ಳಿಪುರ. ಅಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಿತು. ಪೂರ್ವಕ್ಕೆ ಮಂಡೂರು. ಅಲ್ಲಿನ ಜನ ನಾತ ತಾಳಲಾರದೆ ಲಾರಿಗಳಿಗೆ ಅಡ್ಡ ನಿಂತರು. 2014ರ ಡಿಸೆಂಬರಿನಿಂದ ಅಲ್ಲೂ ನಿಂತಿತು. ಪೇಪರಿನಲ್ಲಿ ಇದನ್ನೆಲ್ಲ ಕಾಫಿ ಕುಡಿಯುತ್ತ ಓದಿದವನು ನಾನು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಖಾತೆಯ ಸಾಲವನ್ನು ಇನ್ನೊಂದು ಖಾತೆಗೆ ವರ್ಗಾಯಿಸುತ್ತಿದ್ದೆವು. ಸಾಲ ತೀರಿದ್ದಲ್ಲ. ನಮ್ಮ ಹೊಳೆಗೆ ಭರತ ಇಲ್ಲದ್ದರಿಂದ ಅದು ಹಿಂದಿರುಗಿ ಬಾಗಿಲಿಗೆ ಬರಲಿಲ್ಲ, ಅಷ್ಟೆ. ಬಂದದ್ದು ಆ ಹೆಂಗಸಿನ ಬೆರಳಿನಲ್ಲಿ.

2015ರ ಕೊನೆಯಲ್ಲಿ ಹೈಕೋರ್ಟು 'ಎರಡು ಬುಟ್ಟಿ, ಒಂದು ಚೀಲ' ಎಂಬ ಕ್ರಮವನ್ನು ನಮ್ಮ ಊರಿಗೆ ಕಡ್ಡಾಯ ಮಾಡಿತ್ತು. ಹಸಿರು ಬುಟ್ಟಿಗೆ ಹಸಿ ಕಸ. ಕೆಂಪು ಬುಟ್ಟಿಗೆ ಡೈಪರ್, ಬ್ಯಾಂಡೇಜಿನಂಥವು. ಚೀಲಕ್ಕೆ ಒಣ ಕಸ. ಬುಟ್ಟಿಗಳನ್ನು ನಾವೂ ತಂದಿದ್ದೆವು. ಹಸಿರು ಬುಟ್ಟಿಯಲ್ಲಿ ಈರುಳ್ಳಿ ಇತ್ತು, ಕೆಂಪು ಬುಟ್ಟಿಯಲ್ಲಿ ಬಟ್ಟೆ ಒಗೆಯುವ ಪುಡಿ.

ಮನೆಗೆ ಬಂದ ಮೇಲೆ ಒಂದು ಹಳೆಯ ಲೆಡ್ಜರ್ ತೆಗೆದೆ. ಮೊದಲ ವಾರ ಏನನ್ನೂ ಬದಲಾಯಿಸದೆ ತೂಗಿದೆವು. ಮೊಮ್ಮಗಳು ತಕ್ಕಡಿ ಹಿಡಿದಳು, ನಾನು ಬರೆದೆ. ಐದು ಜನರ ಮನೆ. ವಾರಕ್ಕೆ 11 ಕಿಲೋ. ಹಸಿ 7, ಒಣ 2.5, ಯಾವುದಕ್ಕೂ ಸೇರದ್ದು 1.5. ನನ್ನ ಮಗ, "ಅಪ್ಪಾ, ಇದಕ್ಕೆಲ್ಲಾ ಟೈಮ್ ಯಾರಿಗಿದೆ?" ಎಂದ. ಅವನ ಮಾತಿನಲ್ಲೂ ಸತ್ಯವಿದೆ. ಎಲ್ಲವನ್ನೂ ಒಂದೇ ದಿನ ಮಾಡಹೊರಟರೆ ಮೂರನೆಯ ದಿನ ಕೈಬಿಡುತ್ತೇವೆ.

ಆಗ ನೆನಪಾದದ್ದು ಪಿಗ್ಮಿ. ಮಕ್ಕಳೇ, 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಒಂದು ಉಳಿತಾಯ ಯೋಜನೆ ತಂದಿತು. ಬ್ಯಾಂಕಿನ ಮನುಷ್ಯ ದಿನವೂ ನಿಮ್ಮ ಬಾಗಿಲಿಗೆ, ಅಂಗಡಿಗೆ ಬರುತ್ತಾನೆ. ಎರಡಾಣೆ ಕೊಟ್ಟರೂ ಸಾಕು, ಬರೆದುಕೊಂಡು ಹೋಗುತ್ತಾನೆ. ದಿನದ ಎರಡಾಣೆ ಯಾರಿಗೂ ಭಾರವಲ್ಲ, ಆದರೆ ವರ್ಷಗಟ್ಟಲೆ ಕಟ್ಟಿದರೆ ದೊಡ್ಡ ಗಂಟು. ಕರಾವಳಿಯ ಎಷ್ಟೋ ಮನೆಗಳು ಹೀಗೆ ಉಳಿಸುವುದನ್ನು ಕಲಿತವು. ನಾನು ಅದನ್ನೇ ಮನೆಗೆ ತಂದೆ: ವಾರಕ್ಕೆ ಒಂದೇ ಅಭ್ಯಾಸ, ಹೆಚ್ಚು ಬೇಡ.

ಮೊದಲ ವಾರ, ಬಟ್ಟೆ ಚೀಲ. ಅದನ್ನು ಕಪಾಟಿನಲ್ಲಿಟ್ಟರೆ ಮರೆಯುತ್ತೇವೆ. ಮನೆಯ ಬೀಗದ ಕೈಯ ಮೊಳೆಗೇ ನೇತುಹಾಕಿದೆ. ಎರಡನೆಯ ವಾರ, ದೋಸೆ ಹಿಟ್ಟು, ಮೊಸರಿಗೆ ಸ್ಟೀಲ್ ಡಬ್ಬ. ಹಿಟ್ಟಿನ ಅಂಗಡಿಯವರು ಮೊದಲ ದಿನ ವಿಚಿತ್ರವಾಗಿ ನೋಡಿದರು. ಎರಡನೆಯ ದಿನ ಒಂದು ಸೌಟು ಹೆಚ್ಚಿಗೆ ಹಾಕಿದರು. ಮೂರನೆಯ ವಾರ, ಸಿಪ್ಪೆ ಬಿಸಾಡುವ ಮುಂಚೆ ಹೆಂಡತಿಯನ್ನು ಕೇಳುವುದು. ಹೀರೆಕಾಯಿ ಸಿಪ್ಪೆ ಚಟ್ನಿ, ಕಲ್ಲಂಗಡಿಯ ಬಿಳಿ ಭಾಗದ ದೋಸೆ ನಮ್ಮ ಮನೆಗೆ ಮರಳಿ ಬಂದವು.

ನಾಲ್ಕನೆಯ ವಾರ ಗೊಬ್ಬರದ ಮಡಕೆ. ಮೂರು ತೂತಿನ ಮಡಕೆಗಳನ್ನು ಒಂದರ ಮೇಲೊಂದು ಇಟ್ಟೆವು. ಇದರಲ್ಲಿ ನಾನು ಸೋತೆ. ಎಂಟು ದಿನಕ್ಕೆ ನಾತ, ಹತ್ತು ದಿನಕ್ಕೆ ಹುಳ. "ಕುದ್ರು ನಿಮ್ಮ ಗೆಳೆಯರ ಮನೆಯಲ್ಲಿರಲಿ, ನನ್ನ ಬಾಲ್ಕನಿಯಲ್ಲಿ ಬೇಡ" ಎಂದಳು ಹೆಂಡತಿ. ಫೋನಿನಲ್ಲಿ ಕೇಳಿದಾಗ ಅಕ್ಕ ಒಂದೇ ಪ್ರಶ್ನೆ ಕೇಳಿದರು: "ತರಗೆಲೆ ಹಾಕ್ತಿಲ್ಯಾ?" ನಾನು ಬರೀ ಹಸಿ ಸಿಪ್ಪೆ, ಸಾರಿನ ನೀರು ಸುರಿಯುತ್ತಿದ್ದೆ. ನೀರು ಬಸಿದು ಹಾಕಬೇಕು. ಒಂದು ಹಿಡಿ ಹಸಿಗೆ ಒಂದು ಹಿಡಿ ಒಣ ಎಲೆ. ಎರಡು ದಿನಕ್ಕೊಮ್ಮೆ ಕೆದಕಬೇಕು. ಒಳಗೆ ಗಾಳಿ ಆಡಿದರೆ ನಾತ ಬರುವುದಿಲ್ಲ. ಬೀದಿಯ ಹೊಂಗೆ ಮರದ ಎಲೆಯನ್ನು ಮೊಮ್ಮಗಳು ಚೀಲದಲ್ಲಿ ತುಂಬಿ ತಂದಳು. ವಾರದಲ್ಲಿ ನಾತ ಹೋಯಿತು. ಎರಡೂವರೆ ತಿಂಗಳಿಗೆ ಕೆಳಗಿನ ಮಡಕೆಯಲ್ಲಿ ಕಪ್ಪು ಪುಡಿ, ಮೊದಲ ಮಳೆಯ ಮಣ್ಣಿನ ವಾಸನೆ. ಹೆಂಡತಿಯೇ ಅದನ್ನು ಕರಿಬೇವಿನ ಕುಂಡಕ್ಕೆ ಹಾಕಿದಳು.

ನಾಲ್ಕು ತಿಂಗಳ ಮೇಲೆ ಮತ್ತೆ ತೂಗಿದೆವು. ಹಸಿ ಕಸ ಹೆಚ್ಚುಕಡಿಮೆ ಎಲ್ಲ ಮಡಕೆಗೇ ಹೋಗುತ್ತಿತ್ತು. ಆಟೋಗೆ ಕೊಡುವುದು ವಾರಕ್ಕೆ 2 ಕಿಲೋ ಆಗಿತ್ತು. ಅದರಲ್ಲಿ ಒಣ ಕಸ ಒಂದೂವರೆ, ಉಳಿದದ್ದು ಅರ್ಧ. ಲೆಡ್ಜರಿನಲ್ಲಿ ಇದರ ಕೆಳಗೆ ನಾನು ಎರಡು ಗೆರೆ ಎಳೆದೆ. ನಮ್ಮ ಕಾಲದಲ್ಲಿ ಲೆಕ್ಕ ತಾಳೆಯಾದಾಗ ಹಾಗೆ ಎಳೆಯುತ್ತಿದ್ದೆವು.

ತಾಳೆಯಾಗದ ಬಾಬತ್ತೂ ಇದೆ. ದಿನಕ್ಕೆ ಎರಡು ಹಾಲಿನ ಪ್ಯಾಕೆಟ್ಟು, ತಿಂಗಳಿಗೆ 60. ಬಾಟಲಿಯ ಕಾಲ ನನ್ನ ಕೈಯಿಂದ ಮರಳಿ ಬರುವುದಿಲ್ಲ. ಆದ್ದರಿಂದ ತೊಳೆದು, ಕ್ಲಿಪ್ಪು ಹಾಕಿ ಒಣಗಿಸಿ ಒಣ ಕಸಕ್ಕೆ ಕೊಡುತ್ತೇವೆ. ಮೂಲೆಯನ್ನು ಪೂರಾ ಕತ್ತರಿಸುವುದಿಲ್ಲ, ಸೀಳಿ ಹಾಗೇ ಅಂಟಿಕೊಂಡಿರಲು ಬಿಡುತ್ತೇವೆ. ಆ ಚಿಟಿಕೆಯಷ್ಟು ಚೂರನ್ನು ಯಾರೂ ಆರಿಸಲಾರರು. ಅದೇ ಮೋರಿ ಸೇರಿ ಹೊಳೆ ಸೇರುವುದು. ಮಕ್ಕಳೇ, ನಾಳೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಕತ್ತರಿಸುವ ಕೆಲಸ ನೀವೇ ಕೇಳಿ ತೆಗೆದುಕೊಳ್ಳಿ.

ಗಾಜು ಒಡೆದರೆ ನಾಲ್ಕು ಮಡಿಕೆ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ಕೆಂಪು ಶಾಯಿಯಲ್ಲಿ 'ಗಾಜು' ಎಂದು ಬರೆದು ಕೈಗೆ ಕೊಡುತ್ತೇವೆ. ಮೊದಲ ಸಲ ಹಾಗೆ ಕೊಟ್ಟ ದಿನ ನಾನು ಆ ಹೆಂಗಸಿಗೆ, "ಅವತ್ತಿನ ಗಾಜು ನಮ್ಮ ಮನೆಯದು ಅಮ್ಮ. ತಪ್ಪಾಯಿತು" ಎಂದೆ. ತಿಂಗಳುಗಟ್ಟಲೆ ಗಂಟಲಲ್ಲಿದ್ದ ಮಾತು. "ಗೊತ್ತು ಸಾರ್" ಎಂದರು ಅವರು. "ಆ ಕವರಿನಲ್ಲಿ ನಿಮ್ಮ ಮನೆ ಕರೆಂಟ್ ಬಿಲ್ಲೂ ಇತ್ತು." ಪೊಟ್ಟಣವನ್ನು ತೆಗೆದುಕೊಂಡು ಆಟೋದ ಮುಂದಿನ ಸೀಟಿನ ಪಕ್ಕ ಜೋಪಾನವಾಗಿ ಇಟ್ಟುಕೊಂಡರು. ಆಟೋ ಮುಂದಿನ ಮನೆಗೆ ಹೋಯಿತು.

ಅಕ್ಕನ ತಗಡಿನ ಡಬ್ಬ ಈಗ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿದೆ. ಹಪ್ಪಳ ಎಂದೋ ಮುಗಿದಿದೆ. ಬೇಸಿಗೆ ರಜೆಗೆ ಮತ್ತೆ ಉಪ್ಪಿನಕುದ್ರುವಿಗೆ ಹೊರಡಬೇಕೆಂದು ಟಿಕೆಟ್ ತೆಗೆದಿದ್ದೇನೆ. ನಿನ್ನೆ ಮೊಮ್ಮಗಳು ಡಬ್ಬವನ್ನು ತೊಳೆದು, ಬಿಸಿಲಿಗೆ ಕವುಚಿ ಹಾಕಿ, ಅಜ್ಜಿಯ ಹತ್ತಿರ ಹೋದಳು.

"ಅಜ್ಜಿ, ಡಬ್ಬ ಖಾಲಿ ವಾಪಸ್ ಕೊಡಬಾರದಲ್ವಾ? ಏನು ತುಂಬೋಣ?"

ಕೋಡುಬಳೆ ಎಂದು ತೀರ್ಮಾನವಾಗಿದೆ. ರೈಲಿನ ಬುತ್ತಿಗೆ ಬೇರೆ ಡಬ್ಬ.